ವಾಲಿದ ಅಡುಗೆ ಬಸ್ಸು ಮತ್ತು ತೆಕ್ಕಟ್ಟೆಯ ಗುಣವತಿ

ತೆಕ್ಕಟ್ಟೆ ದಾಟಿ ಕುಂದಾಪುರದ ಕಡೆ ಹೋಗುವಾಗ ಸರ್ವಿಸ್ ರಸ್ತೆಯ ಎಡಕ್ಕೆ ಒಂದು ತಗಡಿನ ಮಾಡು ಸಿಗುತ್ತದೆ. ಬೋರ್ಡಿನಲ್ಲಿ 'ವೆಂಕಟ ಏರ್ ವರ್ಕ್ಸ್' ಎಂದಿದೆ. ಬಸ್ಸು ಲಾರಿಗಳ ಗಾಳಿ ಬ್ರೇಕು, ಗಾಳಿ ಪೈಪು, ಗಾಳಿಯ ಮೇಲೆ ಕೂರುವ ಸಸ್ಪೆನ್ಷನ್, ಇಷ್ಟೇ ಅಲ್ಲಿಯ ಕೆಲಸ. ಬೋರ್ಡು ಓದಿಕೊಂಡು ಬಂದವರು ಗಾಡಿಯಿಂದ ಇಳಿದು ವೆಂಕಟನನ್ನು ಹುಡುಕುತ್ತಾರೆ. ಎದುರಿಗೇ ಸ್ಪ್ಯಾನರ್ ಹಿಡಿದು ನಿಂತ ಹೆಂಗಸು ಅವರ ಕಣ್ಣಿಗೆ ಬೀಳುವುದಿಲ್ಲ.

"ವೆಂಕಟ ಇಲ್ಯಾ?"

"ಇದ್ರ್. ಅಲ್ಲ್ ಕುರ್ಚಿಯಗೆ ಕೂಕಂಡಿದ್ರ್. ಗಾಡಿ ಅಡಿಗೆ ಹೋಪುದ್ ನಾನ್."

ಏಳು ವರ್ಷಗಳಿಂದ ಗುಣವತಿ ಇದೇ ಪ್ರಶ್ನೆಗೆ ಇದೇ ಉತ್ತರ ಕೊಡುತ್ತಿದ್ದಾಳೆ. ಕೇಳಿದವರಲ್ಲಿ ಕೆಲವರು ಗಾಡಿ ತಿರುಗಿಸಿಕೊಂಡು ಹೋಗಿದ್ದಾರೆ. ಹೋದವರಲ್ಲಿ ಅರ್ಧದಷ್ಟು ಜನ, ಬೇರೆ ಕಡೆ ಎರಡು ಮೂರು ಸಲ ಬಿಚ್ಚಿ ಜೋಡಿಸಿಕೊಂಡ ಮೇಲೆ, ಇಲ್ಲಿಗೇ ವಾಪಸು ಬಂದಿದ್ದಾರೆ. ಬಂದವರು ಮೊದಲು ತಿರುಗಿ ಹೋದದ್ದನ್ನು ಎತ್ತುವುದಿಲ್ಲ. ಅವಳೂ ಎತ್ತುವುದಿಲ್ಲ.

ಮದುವೆಗೆ ಮುಂಚೆ ಗುಣವತಿ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದಳು. ದಿನಕ್ಕೆ ಸಾವಿರಗಟ್ಟಲೆ ಬೀಜ ಬೆರಳ ತುದಿಯಲ್ಲಿ ತಿರುಗುವ ಕೆಲಸ. ಕಣ್ಣಿಗೆ ಒಳ್ಳೆಯದಾಗಿ ಕಂಡ ಬೀಜ ಒಳಗೆ ಮೆತ್ತಗಾಗಿದ್ದರೆ ಬೆರಳಿಗೆ ಗೊತ್ತಾಗಬೇಕು, ಇಲ್ಲವಾದರೆ ಮೇಸ್ತ್ರಿಯ ಬೈಗುಳ. ಮದುವೆಯಾದ ಮೇಲೆ ಗಂಡನ ಅಂಗಡಿಗೆ ಊಟ ತಂದುಕೊಡುವುದು, ಬೋಲ್ಟು ತೊಳೆಯುವುದು ಮಾಡುತ್ತಿದ್ದಳು. ಏಳು ವರ್ಷದ ಹಿಂದೆ ವೆಂಕಟ ಒಂದು ಬಸ್ಸಿನ ಅಡಿಗೆ ಗೂಟ ಕೊಡದೆ ನುಗ್ಗಿದ. ಐದು ನಿಮಿಷದ ಕೆಲಸ ಎಂದುಕೊಂಡಿದ್ದ. ವಾಲ್ವಿನ ಕಡ್ಡಿ ಬಿಚ್ಚಿದೊಡನೆ ಗಾಳಿ ಹೊರಟು, ಅಷ್ಟೂ ತೂಕದ ಬಸ್ಸು ಒಮ್ಮೆಗೆ ಕೆಳಗೆ ಕೂತಿತು. ಅವನ ಸೊಂಟ ಮತ್ತೆ ಸರಿಹೋಗಲಿಲ್ಲ. ಬಸ್ಸಿನವರು ಎರಡು ಸಲ ಹಣ್ಣು ಹಿಡಿದುಕೊಂಡು ಬಂದು ನೋಡಿ ಹೋದರು. ಆಮೇಲೆ ಬರಲಿಲ್ಲ.

ಅಂದಿನಿಂದ ಅವನು ಕುರ್ಚಿಯಲ್ಲಿ ಕೂತು ಹೇಳುವುದು, ಇವಳು ಅಡಿಗೆ ಹೋಗಿ ಮಾಡುವುದು. ಮೊದಮೊದಲು ಯಾವ ನಂಬರಿನ ಸ್ಪ್ಯಾನರ್ ಎಂಬುದನ್ನೂ ಅವನೇ ಹೇಳಬೇಕಿತ್ತು. ಎರಡನೇ ವರ್ಷ ಅವನು ಹೇಳುವ ಮೊದಲೇ ಇವಳ ಕೈ ಅಲ್ಲಿಗೆ ಹೋಗಿರುತ್ತಿತ್ತು. ಮೂರನೇ ವರ್ಷದಿಂದ ಅವನು ಹೇಳುವುದನ್ನು ಬಿಟ್ಟು, ಕೇಳತೊಡಗಿದ. ಬೋರ್ಡು ಮಾತ್ರ ಬದಲಾಗಲಿಲ್ಲ. ಬದಲಾಯಿಸಬೇಕೆಂದು ಯಾರಿಗೂ ಅನಿಸಲೂ ಇಲ್ಲ.

ಕಳೆದ ಬೇಸಿಗೆಯಲ್ಲಿ, ಮದುವೆಗಳು ಒತ್ತೊತ್ತಾಗಿ ಇರುವ ವಾರ, ಅಡುಗೆ ಬಸ್ಸು ಅಲ್ಲಿಗೆ ಬಂತು.

ಅದರ ಮಾಲೀಕ ಸಾಲಿಗ್ರಾಮದ ಯತೀಶ ಭಟ್ಟ. ಅಜ್ಜನ ಕಾಲದಿಂದ ಮದುವೆ, ಮುಂಜಿ, ದೇವಸ್ಥಾನದ ಸಂತರ್ಪಣೆಗಳಿಗೆ ಅಡುಗೆ ಮಾಡಿಕೊಂಡು ಬಂದ ಮನೆ. ಅಜ್ಜ ಪಾತ್ರೆಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದನಂತೆ, ಅಪ್ಪ ಟೆಂಪೋದಲ್ಲಿ. ಯತೀಶ ಇಡೀ ಅಡುಗೆಮನೆಯನ್ನೇ ಗಾಲಿಯ ಮೇಲೆ ಕೂರಿಸಿದ. ರಾತ್ರಿ ಬಸ್ಸಾಗಿ ಬೆಂಗಳೂರಿಗೆ ಓಡಿ ಸುಸ್ತಾದ ಒಂದು ಹಳೆಯ ಐಷಾರಾಮಿ ಬಸ್ಸನ್ನು ತಂದು, ಮಲಗುವ ಸೀಟುಗಳನ್ನೆಲ್ಲ ಕಿತ್ತು, ಸ್ಟೀಲಿನ ಕಟ್ಟೆ, ದೊಡ್ಡ ಒಲೆಗಳು, ನೀರಿನ ಟ್ಯಾಂಕು ಕೂರಿಸಿದ. ಬಸ್ಸಿನ ಹಿಂಭಾಗದ ಬಾಗಿಲು ತೆರೆದರೆ ಹಬೆ. ಅಡುಗೆಮನೆ ಇಲ್ಲದ ಅಂಗಳಕ್ಕೂ ಗದ್ದೆಗೂ ಬಸ್ಸು ಹೋಗಿ ನಿಲ್ಲುತ್ತದೆ. ನಿಂತಲ್ಲೇ ಐನೂರು ಜನಕ್ಕೆ ಊಟ.

ಇಂಥ ಬಸ್ಸಿಗೆ ಲಾರಿಯ ಹಾಗೆ ಕಬ್ಬಿಣದ ಪಟ್ಟಿ ಸ್ಪ್ರಿಂಗ್ ಇಲ್ಲ. ಮುಂದೆ ಎರಡು, ಹಿಂದೆ ನಾಲ್ಕು ರಬ್ಬರಿನ ಗಾಳಿಚೀಲಗಳ ಮೇಲೆ ಕೂತಿರುತ್ತದೆ. ಗ್ಯಾರೇಜಿನವರು ಅವನ್ನು ಬಲೂನು ಎನ್ನುತ್ತಾರೆ. ಭಾರ ಹೆಚ್ಚಾದರೆ ಗಾಳಿ ತುಂಬಿ, ಕಡಿಮೆಯಾದರೆ ಗಾಳಿ ಬಿಟ್ಟು, ಬಸ್ಸನ್ನು ಸಮನಾಗಿ ಇಡುವುದು ಲೆವೆಲಿಂಗ್ ವಾಲ್ವಿನ ಕೆಲಸ. ಬಸ್ಸು ಎಷ್ಟು ಎತ್ತರದಲ್ಲಿದೆ ಎಂದು ಆ ವಾಲ್ವಿಗೆ ತಿಳಿಸುವುದು ಚಕ್ರದ ಅಚ್ಚಿಗೆ ಸಿಕ್ಕಿಸಿದ ಒಂದು ಕಡ್ಡಿ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಎಂಜಿನ್ ಆಫ್ ಮಾಡಿ ನಾಲ್ಕು ಗಂಟೆ ಅಡುಗೆಗೆ ನಿಲ್ಲಿಸಿದರೆ ಗೊತ್ತಾಗುತ್ತದೆ.

ಬ್ರಹ್ಮಾವರದ ಒಂದು ಮದುವೆಯಲ್ಲಿ ಅದು ಗೊತ್ತಾದದ್ದು ಪ್ರಭಾವತಿಯ ಕಾಲಿನ ಮೇಲೆ. ಪ್ರಭಾವತಿ ಯತೀಶನಲ್ಲಿ ತೆಂಗಿನಕಾಯಿ ತುರಿಯುವವಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಸ್ಸು ಎಡಕ್ಕೆ ವಾಲಿ, ಕಟ್ಟೆಯ ಮೇಲೆ ಇಳಿಸಿಟ್ಟ ಸಾರಿನ ಹಂಡೆ ಜಾರಿತು. ಅವಳ ಎರಡೂ ಪಾದ ಬೆಂದವು. ಮೂರು ವಾರ ಮನೆಯಲ್ಲಿ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯಿತು, ಸಾರು ಸ್ವಲ್ಪ ತೆಳುವಾಗಿತ್ತು ಅಷ್ಟೆ ಎಂದು ಉಂಡವರು ಹೇಳಿದರು.

ಯತೀಶನಿಗೆ ತಪ್ಪು ಯಾರದೆಂದು ಅನುಮಾನವೇ ಇರಲಿಲ್ಲ. ಡ್ರೈವರ್ ಭೋಜರಾಜ ಸಮತಟ್ಟಾದ ಜಾಗ ನೋಡಿ ನಿಲ್ಲಿಸಲಿಲ್ಲ, ಗಾಳಿ ನೋಡಿಕೊಳ್ಳಲಿಲ್ಲ. ಬಸ್ಸನ್ನು ತೆಕ್ಕಟ್ಟೆಗೆ ಕಳಿಸುವಾಗಲೇ ಯತೀಶ ವೆಂಕಟನಿಗೆ ಫೋನು ಮಾಡಿ ಹೇಳಿದ್ದು ಇದು: ಸಂಜೆ ಬರುತ್ತೇನೆ, ಇದು ಡ್ರೈವರನ ಅಸಡ್ಡೆಯೋ ಅಲ್ಲವೋ ಒಂದು ಮಾತು ಹೇಳಿ. ಹೌದಾದರೆ ಅವನು ಇವತ್ತೇ ಮನೆಗೆ. ಬೇರೆ ಡ್ರೈವರನನ್ನು ನೋಡಿ ಇಟ್ಟದ್ದೂ ಆಗಿತ್ತು.

ಬಸ್ಸು ತಂದ ಭೋಜರಾಜನಿಗೂ ಇದು ಗೊತ್ತಿತ್ತು. ಬೈಂದೂರು ಕಡೆ, ಉಪ್ಪುಂದದ ಕಡಲ ಬದಿಯ ಮನೆಯವ. ಮೂವತ್ತೆರಡರ ಪ್ರಾಯ, ಮಾತು ಕಡಿಮೆ. ಆ ಬಸ್ಸು ಬಂದ ದಿನದಿಂದ ಅದರ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ಬಸ್ಸು ವಾಲುತ್ತಿದೆ ಎಂದು ಮೂರು ತಿಂಗಳಲ್ಲಿ ಮೂರು ಸಲ ಯತೀಶನಿಗೆ ಹೇಳಿದ್ದ. ಮೊದಲೆರಡು ಸಲ, ಸೀಸನ್ ಮುಗಿಯಲಿ ಎಂಬ ಉತ್ತರ. ಮೂರನೇ ಸಲ ಯತೀಶ ಕುಂದಾಪುರದ ಒಂದು ಗ್ಯಾರೇಜಿಗೆ ಕಳಿಸಿದ್ದ. ಅಲ್ಲಿ ಎಡಬದಿಯ ವಾಲ್ವ್ ಹೊಸತು ಹಾಕಿದರು. ಮತ್ತೂ ವಾಲಿದಾಗ ವಾಲ್ವಿನ ಕಡ್ಡಿಯನ್ನು ಉದ್ದ ಮಾಡಿ ಎಡಬದಿಯನ್ನು ಎರಡು ಬೆರಳು ಮೇಲೆತ್ತಿ ಕೊಟ್ಟರು. ಇಳಿಯುವ ಬದಿಯನ್ನು ಮೊದಲೇ ಎತ್ತಿಟ್ಟರೆ ಇಳಿದದ್ದು ಕಾಣುವುದಿಲ್ಲ. ಹೀಗೂ ಒಂದು ರಿಪೇರಿ ಇದೆ ನಮ್ಮ ಊರಿನಲ್ಲಿ, ಗಾಡಿಗಳಿಗೆ ಮಾತ್ರವಲ್ಲ.

ಗುಣವತಿ ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಬಸ್ಸನ್ನು ಸಿಮೆಂಟಿನ ನೆಲದ ಮೇಲೆ ನಿಲ್ಲಿಸಿ, ಗಾಳಿ ಪೂರ್ತಿ ತುಂಬುವವರೆಗೆ ಎಂಜಿನ್ ಓಡಿಸಿ ಆಫ್ ಮಾಡಿಸಿದಳು. ನಾಲ್ಕು ಮೂಲೆಯಲ್ಲೂ ನೆಲದಿಂದ ಚಕ್ರದ ಕಮಾನಿಗೆ ಟೇಪು ಹಿಡಿದು ಅಳೆದಳು. ಗಾಳಿ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿದಾಗ ಹಾಲುಬಣ್ಣದ ನೀರು ಒಂದು ಚೊಂಬಿನಷ್ಟು ಬಂತು. ಗಾಳಿಯ ಪಸೆ ಹೀರುವ ಡ್ರೈಯರ್ ಸತ್ತು ಎಷ್ಟು ಕಾಲವಾಗಿತ್ತೋ. ಅದು ಬದಲಾಗಬೇಕು, ಆದರೆ ಬಸ್ಸು ವಾಲುವುದಕ್ಕೆ ಅದು ಕಾರಣವಲ್ಲ ಎಂದು ವೆಂಕಟ ಕುರ್ಚಿಯಿಂದ ಹೇಳಿದ. ಅವಳು ಹೂಂ ಎಂದಳು.

ಎರಡು ಗಂಟೆ ಕಳೆದು ಮತ್ತೆ ಅಳೆದರೆ ಹಿಂದಿನ ಎಡಮೂಲೆ ನಾಲ್ಕು ಬೆರಳು ಇಳಿದಿತ್ತು.

ಆಮೇಲೆ ಚಾಸಿಸ್ಸಿನ ಅಡಿಗೆ ಹಲಸಿನ ಮರದ ನಾಲ್ಕು ದಪ್ಪ ಗೂಟ ಕೊಟ್ಟಳು. ಗೂಟ ಕೊಡದೆ ಯಾವ ಗಾಡಿಯ ಅಡಿಗೂ ಅವಳು ತಲೆ ಹಾಕುವುದಿಲ್ಲ, ಅರ್ಜೆಂಟು ಎಂದವರ ಗಾಡಿಗಂತೂ ಇಲ್ಲವೇ ಇಲ್ಲ. ಎಡಬದಿಯ ಬಲೂನುಗಳಿಗೆ ಹೋಗುವ ಪೈಪನ್ನು ವಾಲ್ವಿನಿಂದ ಬಿಡಿಸಿ, ಗಾಳಿ ತುಂಬಿ, ಬಾಯಿ ಕಟ್ಟಿದಳು. ಈಗ ವಾಲ್ವಿಗೂ ಬಲೂನಿಗೂ ಸಂಬಂಧವಿಲ್ಲ. ಇನ್ನೂ ಇಳಿದರೆ ವಾಲ್ವ್ ನಿರಪರಾಧಿ. ಇಳಿಯಿತು. ಅಂದರೆ ಕುಂದಾಪುರದಲ್ಲಿ ಹೊಸ ವಾಲ್ವ್ ಹಾಕಿದ್ದು ದಂಡ.

ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚುತ್ತ ಹೋದಳು. ಪೈಪಿನ ಗಂಟುಗಳಲ್ಲಿ ಗುಳ್ಳೆಯಿಲ್ಲ. ಬಲೂನಿನ ಮೈಯಲ್ಲೂ ಇಲ್ಲ. ಕುಂದಾಪುರದವರೂ ಇಲ್ಲಿಯವರೆಗೆ ಬಂದಿರಬಹುದು. ಗುಣವತಿ ಪೈಪನ್ನು ಮತ್ತೆ ವಾಲ್ವಿಗೆ ಸೇರಿಸಿ, ವಾಲ್ವಿನ ಕಡ್ಡಿಯನ್ನು ಕೈಯಿಂದಲೇ ಮೇಲಕ್ಕೆ ಒತ್ತಿ ಹಿಡಿದು, ಭೋಜರಾಜನಿಗೆ ಎಂಜಿನ್ ಹಾಕಲು ಹೇಳಿದಳು. ಬಸ್ಸು ಗೂಟ ಬಿಟ್ಟು ಮೇಲೇಳುತ್ತ ಹೋಯಿತು. ಬಲೂನಿನ ಕೆಳಗಿನ ಮಡಿಕೆ, ಯಾವಾಗಲೂ ಒಳಕ್ಕೆ ಮಡಚಿಕೊಂಡೇ ಇರುವ ಭಾಗ, ನಿಧಾನವಾಗಿ ಹೊರಗೆ ಬಂತು. ಅಲ್ಲಿ ಬ್ರಷ್ಷು ಆಡಿಸಿದರೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ರಬ್ಬರು ಒಣಗಿ ಬಿರಿದಿರಲಿಲ್ಲ. ಹಳೆಯ ಬಲೂನು ಹೋಗುವುದು ಒಣಗಿ ಬಿರಿದು. ಇದು ನೀರಲ್ಲಿ ನೆನೆದ ದೋಸೆಯ ಹಾಗೆ ಉಬ್ಬಿ ಅಂಟಂಟಾಗಿತ್ತು. ಬೆರಳಿನ ಗುರುತು ಹಾಗೇ ಉಳಿಯಿತು. ಪಕ್ಕದ ಬಲೂನೂ ಹಾಗೆಯೇ. ಬಲಬದಿಯವನ್ನೂ ಮುಂದಿನ ಎರಡನ್ನೂ ಒತ್ತಿದಳು. ಸೋರಿಕೆ ಇಲ್ಲ, ಆದರೆ ಅಲ್ಲೂ ರಬ್ಬರು ಮೆತ್ತಗಾಗತೊಡಗಿತ್ತು. ಬೆರಳನ್ನು ಮೂಗಿಗೆ ಹಿಡಿದಳು.

ಬೂತಾಯಿ ಮೀನಿನ ಎಣ್ಣೆ.

ಬಸ್ಸಿನ ಅಡಿಯಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಅವಳು ಭೋಜರಾಜನನ್ನು ಹತ್ತಿರ ಕರೆದಳು. ಅವನು ಬೆರಳು ನೋಡಿಯೇ ತಲೆ ತಗ್ಗಿಸಿದ.

"ಯಾವತ್ತಿಂದ ಹಚ್ತಿದ್ದೆ?"

"ಎರಡ್ ಮಳೆಗಾಲ ಆಯ್ತ್, ಅಕ್ಕ."

ಅವನ ಮನೆಯಲ್ಲಿ ದೋಣಿಯಿದೆ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದ ಮೇಲೆ ಮೈಗೆಲ್ಲ ಮೀನೆಣ್ಣೆ ಹಚ್ಚುವುದು ಅಪ್ಪನ ಕಾಲದಿಂದ ಬಂದ ಕ್ರಮ. ಉಪ್ಪುನೀರು ಮರವನ್ನು ತಿನ್ನಬಾರದು. ಆಷಾಢದಲ್ಲಿ ಮದುವೆಗಳಿಲ್ಲ, ಅಡುಗೆ ಬಸ್ಸಿಗೂ ದೋಣಿಯ ಹಾಗೆ ರಜೆ. ಸಾಲಿಗ್ರಾಮದ ಅಂಗಳದಲ್ಲಿ ಬಲಬದಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸುತ್ತಿದ್ದರು. ಕಡಲ ಗಾಳಿಗೆ ಚಾಸಿಸ್ಸು ತುಕ್ಕು ಹಿಡಿಯುವುದು ಕಂಡು ಅವನಿಗೆ ತಡೆಯಲಿಲ್ಲ. ಮನೆಯಿಂದ ಎಣ್ಣೆ ತಂದು, ಯಾರೂ ಇಲ್ಲದಾಗ ಅಡಿಗೆ ನುಗ್ಗಿ, ಕಬ್ಬಿಣಕ್ಕೂ ಹಚ್ಚಿದ, ರಬ್ಬರಿಗೂ ಹಚ್ಚಿದ. ಗೋಡೆಯ ಕಡೆ ಕೈ ಅಷ್ಟಾಗಿ ಹೋಗದ ಕಾರಣ ಬಲಬದಿಗೆ ಕಡಿಮೆ. ಎಡಬದಿಗೆ ಧಾರಾಳ. ಕಬ್ಬಿಣ ಚೆನ್ನಾಗಿಯೇ ಉಳಿದಿತ್ತು, ಹದಿನಾಲ್ಕು ವರ್ಷದ ಬಸ್ಸಿನ ಅಡಿಯಲ್ಲಿ ಅಷ್ಟು ಚಂದದ ಕಬ್ಬಿಣವನ್ನು ಗುಣವತಿ ಕಂಡಿರಲಿಲ್ಲ. ರಬ್ಬರಿಗೆ ಎಣ್ಣೆ ವಿಷ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಭಟ್ರಿಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಾದ್ರೆ ನಾ ಇಲ್ಲ್ ಇಪ್ಪುದಾ, ಅಕ್ಕ? ಮೇಲೆ ದೇವ್ರ್ ನೈವೇದ್ಯ ಬೇಯ್ತಿತ್ತ್, ಅಡಿಗ್ ಮೀನೆಣ್ಣೆ."

ಕುರ್ಚಿಯ ಕಡೆ ನೋಡದೆ, ಅವನು ಇನ್ನೊಂದು ಮಾತು ಹೇಳಿದ. ಇದನ್ನು ಹಚ್ಚಲು ಹೇಳಿದ್ದು ವೆಂಕಟಣ್ಣನೇ. ಎರಡು ವರ್ಷದ ಹಿಂದೆ ಬ್ರೇಕಿನ ಕೆಲಸಕ್ಕೆ ಬಂದಾಗ.

ವೆಂಕಟನಿಗೆ ಕೇಳಿಸಿತ್ತು. ಅವನು ಅದನ್ನು ಎಲ್ಲ ಲಾರಿಯವರಿಗೂ ಹೇಳುತ್ತಾನೆ: ಮಳೆಗಾಲಕ್ಕೆ ಮುಂಚೆ ಚಾಸಿಸ್ಸಿಗೆ ಮೀನೆಣ್ಣೆ ಹೊಡಿ, ತುಕ್ಕು ಹತ್ತಿರ ಬರುವುದಿಲ್ಲ. ಲಾರಿಗಳಿಗೆ ಪಟ್ಟಿ ಸ್ಪ್ರಿಂಗ್, ಕಬ್ಬಿಣ. ಅಲ್ಲಿ ರಬ್ಬರಿನ ಮಾತು ಬರುವುದಿಲ್ಲ. ಭೋಜರಾಜನಿಗೆ ಹೇಳುವಾಗ ಇದು ಗಾಳಿಯ ಗಾಡಿ ಎಂಬುದು ವೆಂಕಟನ ತಲೆಯಲ್ಲಿ ಇರಲಿಲ್ಲ.

ಮಧ್ಯಾಹ್ನ ಗಂಜಿ ಉಣ್ಣುವಾಗ ಗಂಡ ಹೆಂಡತಿ ಈ ವಿಷಯ ಮಾತಾಡಿದರು. ಡ್ರೈವರ್ ದೂರ ನೆರಳಿನಲ್ಲಿ ಕೂತಿದ್ದ, ಕರೆದರೂ ಉಣ್ಣಲು ಬರಲಿಲ್ಲ.

"ಹಳತಾಯ್ತ್ ಅಂದ್ಹೇಳಿ ಹೇಳ್ ಮಾರಾಯ್ತಿ. ಹದಿನಾಲ್ಕ್ ವರ್ಷದ್ ಗಾಡಿ, ಸುಳ್ಳೂ ಅಲ್ಲ. ಆ ಮಾಣಿ ಕೆಲ್ಸ ಉಳಿತ್ತ್," ಎಂದ ವೆಂಕಟ.

"ಹಂಗ್ ಹೇಳ್ರೆ ಭಟ್ರ್ ಎಡದ್ ಎರಡ್ ಬದಲ್ಸಿ ಹೋತ್ರ್. ಬಲದ್ದ್ ನಾಳೆ ಯಾರ್ ಕಾಲ್ ಮೇಲ್ ಕೂರತ್ತ್?"

ವೆಂಕಟ ಉಪ್ಪಿನಕಾಯಿಯ ಹೋಳನ್ನು ಬಟ್ಟಲಿನಲ್ಲಿ ಆಚೆ ಈಚೆ ಸರಿಸಿದ. ಸೊಂಟ ಮುರಿದುಕೊಂಡವನಿಗೆ ಬಸ್ಸು ಕೂರುವುದು ಎಂದರೇನೆಂದು ವಿವರಿಸಬೇಕಾಗಿರಲಿಲ್ಲ.

ಯತೀಶ ನಾಲ್ಕೂವರೆಗೆ ಸ್ಕೂಟರಿನಲ್ಲಿ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕೈಯಲ್ಲಿ ಎರಡು ಫೋನು. ನೇರ ವೆಂಕಟನ ಕುರ್ಚಿಯ ಹತ್ತಿರ ಹೋಗಿ ಏನಾಯಿತು ಎಂದು ಕೇಳಿದ. ವೆಂಕಟ ಹೆಂಡತಿಯ ಕಡೆ ಕೈ ತೋರಿಸಿದ.

ಅವಳು ಅಳತೆ, ವಾಲ್ವಿನ ಪರೀಕ್ಷೆ, ಮಡಿಕೆಯ ಗುಳ್ಳೆ ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಆರೂ ಬಲೂನು ಬದಲಾಗಬೇಕು ಎಂದಳು. ಯತೀಶ ನಕ್ಕ. ಸಿಟ್ಟು ಬಂದಾಗ ನಗುವ ಜಾತಿ.

"ಕುಂದಾಪ್ರದವ್ರ್ ವಾಲ್ವ್ ಅಂದ್ರ್, ಮತ್ತೆ ಕಡ್ಡಿ ಅಂದ್ರ್. ನೀವೀಗ ಆರೂ ಬಲೂನ್ ಅಂತ್ರಿ. ಸೋರುದ್ ಎಡದ್ದ್ ಮಾತ್ರ ಅಲ್ದಾ? ಬಲದ್ದ್ ಎಂತಕ್ ಬದಲ್ಸ್ಕ್?"

"ಅದೂ ಮೆತ್ತಗಾಯ್ತ್, ಭಟ್ರೆ."

"ಎಂತಕ್ ಮೆತ್ತಗಾಯ್ತ್? ಡ್ರೈವರ್ ಎಂತ ಮಾಡ್ದ?"

ಭೋಜರಾಜ ಹಿಂದಿನ ಚಕ್ರದ ಹತ್ತಿರ ನಿಂತಿದ್ದ. ಗುಣವತಿ ಅವನನ್ನು ನೋಡಲಿಲ್ಲ. ಇನ್ನು ಮುಚ್ಚಿಟ್ಟರೆ ಈ ಮನುಷ್ಯ ಎರಡೇ ಬಲೂನು ಹಾಕಿಸಿಕೊಂಡು ಬುಧವಾರದ ಮದುವೆಗೆ ಹೋಗುತ್ತಾನೆ ಎಂಬುದು ಅವಳಿಗೆ ಖಚಿತವಾಯಿತು.

"ತುಕ್ಕ್ ಹಿಡಿಬಾರ್ದ್ ಅಂದ್ಹೇಳಿ ಅಡಿಗೆ ಮೀನೆಣ್ಣೆ ಹಚ್ಚಿದ. ಎಣ್ಣೆ ತಾಗಿ ರಬ್ಬರ್ ಕೊಳೀತ್. ಅವ ತಾನಾಗಿ ಹಚ್ದದ್ದಲ್ಲ. ಇದೇ ಅಂಗ್ಡಿಯಗೆ ಹೇಳದ್ದ್ ಕೇಂಡ್ ಹಚ್ದದ್ದ್."

"ಮೀನೆಣ್ಣೆಯಾ?" ಎಂದ ಯತೀಶ. ಮತ್ತೊಮ್ಮೆ ಅದನ್ನೇ ಕೇಳಿದ. ಆಮೇಲೆ ಅಲ್ಲಿದ್ದ ಹಳೆಯ ಟೈರಿನ ಮೇಲೆ, ಬಿಳಿ ಪಂಚೆ ಉಟ್ಟವನು, ಕೂತುಬಿಟ್ಟ.

ಪ್ರಭಾವತಿಯ ಕಾಲು ಬೆಂದ ದಿನ ಈ ಮನುಷ್ಯ ಕೂತಿರಲಿಲ್ಲ. ನಿಂತೇ ಬಡಿಸಿದ್ದ. ಎರಡು ವರ್ಷ ಆ ಬಸ್ಸಿನಲ್ಲಿ ಬೆಂದ ಅನ್ನವನ್ನು ಸಾವಿರಾರು ಜನ ಉಂಡಿದ್ದಾರೆ, ದೇವರಿಗೂ ನೈವೇದ್ಯವಾಗಿದೆ. ಒಬ್ಬರೂ ಮೂಗು ಮುಚ್ಚಲಿಲ್ಲ, ದೇವರೂ ಎದ್ದು ಹೋಗಲಿಲ್ಲ. ಅಡಿಯ ಎಣ್ಣೆ ಮೇಲಿನ ಹಂಡೆಗೆ ಹಾರುವುದಿಲ್ಲ. ಆದರೆ ಸುದ್ದಿ ಹಾರುತ್ತದೆ. ಯತೀಶ ಕೇಳಿದ ಮೊದಲ ಪ್ರಶ್ನೆ ರಬ್ಬರಿನದಲ್ಲ, ಸುರಕ್ಷತೆಯದಲ್ಲ. ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀರಾ ಎಂಬುದು.

ಇಲ್ಲವೆಂದಳು ಗುಣವತಿ. ಅವನ ಮುಖ ಭೋಜರಾಜನ ಕಡೆ ತಿರುಗಿತು. ಕೀ ಕೇಳಲು ಕೈ ಚಾಚಿದ್ದೂ ಆಯಿತು. ಆಗ ವೆಂಕಟ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಅವನು ಹಾಗೆ ಏಳುವುದು ವೈದ್ಯರು ಬೇಡವೆಂದ ಕೆಲಸ.

"ಹ್ವಾಯ್ ಭಟ್ರೆ, ಅವಂಗ್ ಹಚ್ಚುಕ್ ಹೇಳದ್ದ್ ನಾನ್. ರಬ್ಬರಿಗ್ ತಾಗ್ಸ್ಬ್ಯಾಡ ಅಂದ್ಹೇಳಿ ಹೇಳುಕ್ ಮರ್ತದ್ದೂ ನಾನೇ. ಬೈಯುದಾರೆ ಇಲ್ಲ್ ಬೈಯಿನಿ. ಗಾಡಿ ವಾಲ್ತ್ ಅಂದ್ಹೇಳಿ ಅವ ನಿಮ್ಗ್ ಮೂರ್ ಸಲ ಹೇಳಿದ್ನಂಬ್ರ್. ಅದಕ್ ಯಾರಿಗ್ ಬೈಯುದ್, ನೀವೇ ಕಾಣಿ."

ಯತೀಶ ಯಾರಿಗೂ ಬೈಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡ. ಆರೂ ಹಾಕಿ ಎಂದ. ಅಡಿಯನ್ನೆಲ್ಲ ಬಿಸಿನೀರು, ಸೋಡಾ ಹಾಕಿ ಮೂರು ಸಲ ತೊಳೆಯಿರಿ ಎಂದ. ಡ್ರೈವರನ ವಿಷಯ ಆಮೇಲೆ ಹೇಳುತ್ತೇನೆ ಎಂದು ಸ್ಕೂಟರ್ ಹತ್ತಿ ಹೋದ.

ಬಲೂನುಗಳು ಬರಲು ಎರಡು ದಿನ, ಹಾಕಲು ಒಂದು ದಿನ. ಆ ಮೂರು ದಿನವೂ ಭೋಜರಾಜ ಬೆಳಿಗ್ಗೆ ಉಪ್ಪುಂದದಿಂದ ಬಸ್ಸು ಹಿಡಿದು ಬಂದು, ತಾನು ಹಚ್ಚಿದ ಎಣ್ಣೆಯನ್ನು ತಾನೇ ಉಜ್ಜಿ ತೆಗೆದ. ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವನ ಕೈ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕಿತ್ತು. ಒಂದೇ ಜಾಗವನ್ನು ನಾಲ್ಕು ನಾಲ್ಕು ಸಲ ಉಜ್ಜುತ್ತಿದ್ದ.

ಮಂಗಳವಾರ ಮಧ್ಯಾಹ್ನ ಯತೀಶನ ಫೋನು ಬಂದದ್ದು ಅವನಿಗೆ. ಮಾತು ಒಂದು ನಿಮಿಷವೂ ಇರಲಿಲ್ಲ. ಫೋನು ಕಿಸೆಗೆ ಹಾಕಿ, ಸೋಡಾದ ನೀರಿನ ಬಕೆಟು ಚೆಲ್ಲಿ, ಅವನು ಗುಣವತಿಗೆ ವಿಷಯ ತಿಳಿಸಿದ. ಕೆಲಸ ಉಂಟು. ಗಾಡಿ ಅವನೇ ತರಬೇಕು. ಆದರೆ ಇನ್ನು ಮುಂದೆ ಅವನು ಡ್ರೈವರ್ ಕ್ಯಾಬಿನ್ನಿನಿಂದ ಹಿಂದೆ, ಅಡುಗೆಯ ಭಾಗಕ್ಕೆ, ಕಾಲಿಡುವಂತಿಲ್ಲ.

"ನೀ ಎಂತ ಹೇಳ್ದೆ?"

"ಆಯ್ತ್ ಅಂದೆ. ಮತ್ತೆಂತ ಹೇಳುದ್?"

"ಹಂಡೆ ಸರಪಳಿ ಹಾಕುದ್ ಯಾರ್ ಇಷ್ಟ್ ದಿನ? ಗ್ಯಾಸ್ ಬಂದ್ ಆಯ್ತಾ ಕಾಂಬುದ್ ಯಾರ್?"

ಅವನೇ. ಬಸ್ಸು ನಿಂತ ಮೇಲೆ ಹಿಂದೆ ಹೋಗಿ ನೆಲ ಸಮನಾಗಿದೆಯೋ, ಪಾತ್ರೆಗಳಿಗೆ ಸರಪಳಿ ಬಿದ್ದಿದೆಯೋ, ಸಿಲಿಂಡರು ಗಟ್ಟಿ ನಿಂತಿದೆಯೋ ನೋಡುತ್ತಿದ್ದವನು ಅವನೊಬ್ಬನೇ. ಅಡುಗೆಯವರಿಗೆ ಅಡುಗೆ ಗೊತ್ತು, ಗಾಡಿ ಗೊತ್ತಿಲ್ಲ. ಬ್ರಹ್ಮಾವರದಲ್ಲಿ ಅಂದು ಅವನನ್ನು ನೀರು ತರಲು ಟ್ಯಾಂಕರಿನ ಜೊತೆ ಕಳಿಸಿದ್ದರು.

ಗುಣವತಿ ಕೈ ತೊಳೆದುಕೊಂಡಳು. ವೆಂಕಟನ ಫೋನು ತೆಗೆದುಕೊಂಡು ಯತೀಶನಿಗೆ ಕರೆ ಮಾಡಿದಳು. ಜೋರು ಮಾತಿಲ್ಲ, ಗಾಡಿಯ ಅಳತೆ ಹೇಳುವ ಸ್ವರದಲ್ಲೇ ಹೇಳಿದಳು.

"ಭಟ್ರೆ, ಗಾಡಿ ರೆಡಿ ಆಯ್ತ್. ಆರೆ ನಿಂತ್ ಮೇಲೆ ಹಿಂದೆ ಹೋಯಿ ಕಾಂಬುಕ್ ಡ್ರೈವರ್ ಇಲ್ದಿರೆ ನಾ ಕೀ ಕೊಡುದಿಲ್ಲ. ಪ್ರಭಾವತಿ ಕಾಲ್ ಗುಣ ಆದ್ ಮೇಲೆ ಮತ್ತೆ ಬತ್ತಾಳಲ್ದಾ?"

ಆ ಕಡೆ ಯಾರೋ ಬದನೆಕಾಯಿಯ ಲೆಕ್ಕ ಕೂಗುತ್ತಿದ್ದರು. ಮಾರನೇ ದಿನ ಮುಹೂರ್ತ ಹತ್ತೂವರೆಗೆ, ಆರುನೂರು ಎಲೆ. ಯತೀಶ ನಿಮಗೆ ಇದೆಲ್ಲ ಯಾಕೆ ಎಂದು ಕೇಳಿದ. ಅವಳು ಫೋನು ಹಿಡಿದೇ ನಿಂತಳು. ಕೊನೆಗೆ ಅವನು ಒಂದು ವಾಕ್ಯ ಹೇಳಿ ಇಟ್ಟುಬಿಟ್ಟ.

"ಕಾಲ್ ತೊಳ್ಕಂಡ್ ಹತ್ತುಕ್ ಹೇಳಿ."

ಅವಳು ಅದನ್ನು ಹಾಗೇ ಭೋಜರಾಜನಿಗೆ ದಾಟಿಸಿದಳು. ಅವನು ಎಣ್ಣೆ ಸೋಡಾದಲ್ಲಿ ಬೆಳ್ಳಗಾಗಿ ಸುಕ್ಕು ಬಿದ್ದ ತನ್ನ ಪಾದಗಳನ್ನು ನೋಡಿಕೊಂಡ.

"ಮೂರ್ ದಿನದಿಂದ ತೊಳಿತಾ ಇಪ್ಪುದಲ್ದಾ, ಅಕ್ಕ," ಎಂದು ಹೇಳಿ, ಕೀ ತೆಗೆದುಕೊಂಡು ಹತ್ತಿದ.

ಹತ್ತುವ ಮೊದಲು ಅವನು ನಲ್ಲಿಯ ಕಡೆ ಹೋದನೋ ಇಲ್ಲವೋ ಎಂಬುದನ್ನು ಗುಣವತಿ ಗಮನಿಸಲಿಲ್ಲ. ಎಂಜಿನ್ ಶುರುವಾಗಿತ್ತು. ಅವಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ, ಎಡ ಬಲ ಎರಡೂ ಒಟ್ಟಿಗೇ ಏಳುತ್ತಿವೆಯೇ ಎಂದು ಚಕ್ರಗಳ ನಡುವಿನಿಂದ ನೋಡುತ್ತಿದ್ದಳು.